ಗೋಡೆಯ ಬಿರುಕು, ಕೊಳವೆಬಾವಿ ಮತ್ತು ರೇಡಾರ್ ಉಪಗ್ರಹ

ವೈಟ್‌ಫೀಲ್ಡ್‌ನ ನಿಮ್ಮ ಅಪಾರ್ಟ್‌ಮೆಂಟ್ ಗೋಡೆ ಬಿರುಕು ಬಿಟ್ಟಿದೆ. ಸುತ್ತಲಿನ ಕೊಳವೆಬಾವಿಗಳಿಂದ ನೆಲ ಕುಸಿಯುತ್ತಿದೆಯೇ ಎಂಬುದನ್ನು ಉಪಗ್ರಹದಿಂದ ತಿಳಿಯಬಹುದೇ ಎಂದು ಕೇಳಿದ್ದೀರಿ. ಬಡಾವಣೆಯ ಮಟ್ಟದಲ್ಲಿ ತಿಳಿಯಬಹುದು. ಒಂದು ಗೋಡೆಯ ಬಿರುಕಿಗೆ ಕಾರಣ ಹೇಳಲು ಅದೊಂದೇ ಸಾಲದು.

ಯುರೋಪಿನ ಸೆಂಟಿನೆಲ್-1 ಉಪಗ್ರಹ 12 ದಿನಕ್ಕೊಮ್ಮೆ ಅದೇ ಹಾದಿಯಲ್ಲಿ ಬಂದು ಅದೇ ನೆಲದತ್ತ ರೇಡಾರ್ ಅಲೆ ಕಳುಹಿಸುತ್ತದೆ. ಅಲೆಯ ಉದ್ದ ಸುಮಾರು 5.6 ಸೆಂ.ಮೀ. ಈ ನಡುವೆ ನೆಲ ತುಸು ಇಳಿದಿದ್ದರೂ ಮರಳಿ ಬರುವ ಅಲೆಯ ಏರಿಳಿತದ ಹಂತ ಬದಲಾಗಿರುತ್ತದೆ. ಆದರೆ ಒಂದೆರಡು ಚಿತ್ರಗಳನ್ನು ನಂಬಬೇಡಿ: ಮಳೆಗಾಲದ ತೇವದ ಗಾಳಿಯೂ ಅಲೆಯನ್ನು ತಡಮಾಡಿ, ನೆಲ ಕುಸಿದಂತೆ ತೋರಿಸಬಲ್ಲದು. ಹತ್ತಾರು ಚಿತ್ರಗಳನ್ನು ಸಾಲಾಗಿ ಹೋಲಿಸಿದಾಗ ಮಾತ್ರ ವರ್ಷಕ್ಕೆ ಕೆಲವೇ ಮಿಲಿಮೀಟರ್‌ಗಳ ಚಲನೆ ಸಿಗುತ್ತದೆ. ದತ್ತಾಂಶವೇನೋ ಉಚಿತ.

ಇನ್ನು, ನೀರೆಳೆದರೆ ನೆಲ ಕುಸಿಯುತ್ತದೆಯೇ ಎಂಬುದು ತಳದಲ್ಲಿ ಏನಿದೆ ಎಂಬುದನ್ನು ಅವಲಂಬಿಸಿದೆ. ಮೆಕ್ಸಿಕೋ ನಗರ ಹಳೆಯ ಕೆರೆಯ ಜೇಡಿಮಣ್ಣಿನ ಮೇಲೆ ನಿಂತಿದೆ. ನೀರೆಳೆದಂತೆ ಆ ಮಣ್ಣು ಹಿಂಡಿದ ಸ್ಪಂಜಿನಂತೆ ಕುಗ್ಗಿ, ಕೆಲವೆಡೆ ವರ್ಷಕ್ಕೆ 30 ಸೆಂ.ಮೀ.ಗಿಂತ ಹೆಚ್ಚು ಇಳಿಯುತ್ತದೆ. ಬೆಂಗಳೂರಿನ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ (gneiss) ಎಂಬ ಗಟ್ಟಿ ಬಂಡೆ. ಸಾವಿರ ಅಡಿ ಕೊರೆದಾಗ ಸಿಗುವ ನೀರು ಬಂಡೆಯ ಸೀಳುಗಳದ್ದು. ಅದನ್ನು ಎಳೆದರೆ ಬಂಡೆ ಹಾಗೆ ಕುಗ್ಗುವುದಿಲ್ಲ. (ಅಂತರ್ಜಲ ಬರಿದಾಗುವುದು ಬೇರೆಯದೇ ಸಂಕಟ, ಅದನ್ನು ಹಗುರವಾಗಿ ಕಾಣುತ್ತಿಲ್ಲ.) ಹಾಗಾಗಿ ನಾನು ಮೊದಲು ಅನುಮಾನಿಸುವುದು ಮುಚ್ಚಿದ ಕೆರೆಯಂಗಳ, ರಾಜಕಾಲುವೆಗೆ ಸುರಿದ ಮಣ್ಣು, ಪಕ್ಕದ ನಿವೇಶನದ ಆಳದ ಅಗೆತ.

ಹಳೆಯ ಗ್ರಾಮ ನಕ್ಷೆ ತೆಗೆಸಿ, ನಿಮ್ಮ ಸರ್ವೆ ನಂಬರಿನ ಜಾಗ ಕೆರೆಯಲ್ಲೋ ಕಾಲುವೆಯಲ್ಲೋ ಇತ್ತೇ ಎಂದು ನೋಡಿ. ಬಿರುಕಿನ ತುದಿಗಳಲ್ಲಿ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ. ಅದು ಬೆಳೆಯುತ್ತಿದ್ದರೆ ಉಪಗ್ರಹದ ಚಿತ್ರಕ್ಕೆ ಕಾಯದೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ.