ಟೈಪಿಂಗ್ ತಪ್ಪಿಗೆ ಔಷಧಿ ದುಡ್ಡೆಲ್ಲ ವಾಪಸ್ ಕೊಡಬೇಕಾ?

ಪ್ರಶ್ನೆ: ನಮ್ಮ ಯಜಮಾನರು ಅಮೆರಿಕದ ಫ್ಲೋರಿಡಾದಲ್ಲಿ ಸಣ್ಣ ಫಾರ್ಮಸಿ ನಡೆಸುತ್ತಾರೆ. ಇನ್ಶೂರೆನ್ಸ್ ಪರವಾಗಿ ಔಷಧಿ ಬಿಲ್ ನೋಡಿಕೊಳ್ಳುವ ಪಿಬಿಎಂ ಕಂಪನಿಯೊಂದು ಆಡಿಟ್ ಮಾಡಿತು. ಒಂದು ಇನ್ಸುಲಿನ್ ಬಿಲ್ಲಿನಲ್ಲಿ ಎಷ್ಟು ದಿನದ ಔಷಧಿ ಅನ್ನುವ ಕಡೆ 28 ಬದಲು 30 ಅಂತ ಟೈಪ್ ಆಗಿತ್ತು. ರೋಗಿಗೆ ಸರಿಯಾದ ಔಷಧಿಯೇ ಹೋಗಿದೆ. ಆದರೂ ಬಿಲ್ಲಿನ ಪೂರ್ತಿ ದುಡ್ಡು ವಾಪಸ್ ಕೇಳುತ್ತಿದ್ದಾರೆ. ಕೇಳುವವರೇ ಇಲ್ವಾ?

ಉತ್ತರ: ಗಾಬರಿ ಬೇಡಮ್ಮ, ಇದಕ್ಕೆ ಕಾನೂನೇ ಇದೆ. ಫ್ಲೋರಿಡಾ 2014ರಲ್ಲೇ ಆಡಿಟ್ ವೇಳೆ ಫಾರ್ಮಸಿಗಿರುವ ಹಕ್ಕುಗಳನ್ನು ಬರೆದಿಟ್ಟಿದೆ. ಔಷಧಿ ಸರಿಯಾಗಿ ಕೊಟ್ಟಿದ್ದರೆ, ಬರೀ ಟೈಪಿಂಗ್ ಅಥವಾ ಕಂಪ್ಯೂಟರ್ ತಪ್ಪಿಗೆ ತಡೆದ ದುಡ್ಡನ್ನು ಫಾರ್ಮಸಿಗೆ ಕೊಡಬೇಕು. ಆದರೆ ಅದೇ ತಪ್ಪು ಪದೇ ಪದೇ ಆಗಿರಬಾರದು, ಮೋಸದ ಆರೋಪ ಇರಬಾರದು, ಕಂಪನಿಗೆ ನಿಜವಾಗಿ ನಷ್ಟ ಆಗಿರಬಾರದು. ನಿಮ್ಮ ವಿಷಯದಲ್ಲಿ ನೋಡಿ, 28ಕ್ಕೆ 30 ಅಂತ ಬರೆದರೆ ಮುಂದಿನ ರೀಫಿಲ್ ಎರಡು ದಿನ ತಡವಾಗುತ್ತದೆಯೇ ಹೊರತು ಬೇಗ ಬರುವುದಿಲ್ಲ ಅಲ್ವಾ? ಹಾಗಿದ್ದಾಗ ನಷ್ಟ ಎಲ್ಲಿ ಆಯಿತು ಅಂತ ತೋರಿಸಿ ಎಂದು ಲಿಖಿತವಾಗಿಯೇ ಕೇಳಲಿ. ಜೊತೆಗೆ ಡಾಕ್ಟರ ಹತ್ತಿರ ಇರುವ ದಾಖಲೆಯ ಪ್ರತಿ ತರಿಸಲಿ, ಅದನ್ನು ಪುರಾವೆಯಾಗಿ ಕೊಡುವ ಹಕ್ಕೂ ಅವರಿಗಿದೆ.

ಅಂಗಡಿಗೇ ಬಂದು ಆಡಿಟ್ ಮಾಡುವುದಾದರೆ 7 ದಿನ ಮೊದಲು ತಿಳಿಸಬೇಕು, ತಿಂಗಳ ಮೊದಲ 3 ದಿನ ಬರುವಂತಿಲ್ಲ, 24 ತಿಂಗಳಿಗಿಂತ ಹಳೆಯ ಬಿಲ್ ಕೆದಕುವಂತಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ಕೆಲವೇ ಬಿಲ್ ನೋಡಿ, ಅದರಲ್ಲಿ ಇಷ್ಟು ತಪ್ಪು ಸಿಕ್ಕಿತು, ಹಾಗಾದರೆ ಎಲ್ಲ ಬಿಲ್ಲಿನಲ್ಲೂ ಇಷ್ಟೇ ಇರುತ್ತದೆ ಅಂತ ಅಂದಾಜಿನ ಗುಣಾಕಾರ ಮಾಡಿ ದೊಡ್ಡ ಮೊತ್ತ ಕೇಳುವ ಹಾಗಿಲ್ಲ. ನಿಜವಾಗಿ ಜಾಸ್ತಿ ಕೊಟ್ಟಿದ್ದನ್ನು ಮಾತ್ರ ಕೇಳಬಹುದು. ಸಣ್ಣ ಫಾರ್ಮಸಿಯನ್ನು ಮುಳುಗಿಸುವುದು ಇಂಥ ಗುಣಾಕಾರವೇ.

ಒಂದು ವಿಷಯ ಮೊದಲೇ ನೋಡಿಕೊಳ್ಳಿ, ಆ ಬಿಲ್ ಯಾರ ದುಡ್ಡಿನದು? ಮೆಡಿಕೇರ್ ಥರ ಕೇಂದ್ರ ಸರ್ಕಾರದ ಹಣದ್ದಾದರೆ ಈ ಹಕ್ಕುಗಳು ಅನ್ವಯಿಸುವುದಿಲ್ಲ. ನೌಕರರಿಗಾಗಿ ಕಂಪನಿಗಳೇ ನಡೆಸುವ ಯೋಜನೆಯಾದರೆ 1974ರ ಎರಿಸಾ ಎಂಬ ಕೇಂದ್ರ ಕಾನೂನು ರಾಜ್ಯದ ಕಾನೂನಿಗೆ ಅಡ್ಡ ಬರುತ್ತದೆ ಅಂತ ಪಿಬಿಎಂಗಳು ವಾದಿಸುವುದುಂಟು. 2020ರಲ್ಲಿ ಅರ್ಕನ್ಸಾಸ್ ರಾಜ್ಯದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಫಾರ್ಮಸಿಗೆ ಕೊಡುವ ದರದ ವಿಷಯದಲ್ಲಿ ಆ ವಾದ ಒಪ್ಪಲಿಲ್ಲ. ಆದರೆ 2023ರಲ್ಲಿ ಓಕ್ಲಹೋಮಾದ ಪಿಬಿಎಂ ಕಾನೂನಿನ ಕೆಲವು ಭಾಗಗಳನ್ನು ಮೇಲ್ಮನವಿ ಕೋರ್ಟ್ ತಡೆಯಿತು. ಹಾಗಾಗಿ ಇಲ್ಲಿ ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ.

ಸದ್ಯಕ್ಕೆ ಸುಮ್ನೆ ಕೂರಬೇಡಿ. ಆಡಿಟ್ಟಿನ ಮೊದಲ ವರದಿ ಕೈಗೆ ಬಂದ ಮೇಲೆ ದಾಖಲೆ ಕೊಡಲು ಇರುವುದು 10 ಕೆಲಸದ ದಿನ. ವರದಿ ಬಂದ ತಾರೀಖು ಯಾವುದು ಅಂತ ಇವತ್ತೇ ನೋಡಿ.