ಸ್ಯಾನಿಟೈಸರ್ ಹಚ್ಚಿಕೊಂಡವರಿಗೆ ‘ಕುಡಿದಿದ್ದೀರಿ’ ಅಂದರೆ?

ಪ್ರಶ್ನೆ: ನಾನು ಮಂಗಳೂರು ಕಡೆಯವಳು, ಅಮೆರಿಕದಲ್ಲಿ ನರ್ಸ್. ಹಿಂದೊಮ್ಮೆ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದೆ. ನರ್ಸ್ ಲೈಸೆನ್ಸ್ ಉಳಿಸಿಕೊಳ್ಳಲು ನರ್ಸಿಂಗ್ ಬೋರ್ಡಿನ ಮೂರು ವರ್ಷದ ನಿಗಾ ಕಾರ್ಯಕ್ರಮಕ್ಕೆ ಸಹಿ ಹಾಕಿದೆ. ಆಮೇಲೆ ಒಂದು ತೊಟ್ಟೂ ಮುಟ್ಟಿಲ್ಲ. ಕಳೆದ ವಾರ ಮೂತ್ರದ ಇಟಿಜಿ ಪರೀಕ್ಷೆ (ಆಲ್ಕೋಹಾಲ್ ದೇಹದಲ್ಲಿ ಕರಗಿದಾಗ ಹುಟ್ಟುವ ಇಟಿಜಿ ಎಂಬ ವಸ್ತುವನ್ನು ಹುಡುಕುವುದು) ಪಾಸಿಟಿವ್ ಬಂತೆಂದು ಕೆಲಸದಿಂದ ದೂರ ಇಟ್ಟಿದ್ದಾರೆ. ವಾರ್ಡಿನಲ್ಲಿ ದಿನವಿಡೀ ಸ್ಯಾನಿಟೈಸರ್ ಹಚ್ಚುತ್ತೇನೆ. ಪರೀಕ್ಷೆಯ ಖರ್ಚೂ ನನ್ನದೇ. ಇದು ನ್ಯಾಯವಾ? ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಸಿಟ್ಟಿನಲ್ಲಿ ಹೊರಬಂದರೆ ಫೈಲು ಬೋರ್ಡಿನ ಶಿಸ್ತುಕ್ರಮಕ್ಕೆ ಹೋಗುವ ಸಾಧ್ಯತೆಯೇ ಜಾಸ್ತಿ. ಅಲ್ಲಿ ಸ್ಯಾನಿಟೈಸರ್ ಮಾತು ಹಿಂದೆ ಬಿದ್ದು, ‘ಒಪ್ಪಂದ ಮುರಿದರು’ ಅನ್ನೋದೇ ದೊಡ್ಡದಾಗುತ್ತದೆ.

ಮೊದಲು ಲ್ಯಾಬಿನ ಪೂರ್ತಿ ವರದಿ ಕೇಳಿ. ‘ಪಾಸಿಟಿವ್’ ಅಂದರೆ ಸಾಲದು, ಅಂಕಿ ಬೇಕು. ಕುಡಿದದ್ದು ಇಳಿದ ಮೇಲೂ ಇಟಿಜಿ ಮೂತ್ರದಲ್ಲಿ ಉಳಿಯುತ್ತದೆ, ಜಾಸ್ತಿ ಕುಡಿದಿದ್ದರೆ ಮೂರು ದಿನವಾದರೂ ಸಿಗುತ್ತದೆ. ಅಷ್ಟು ಸೂಕ್ಷ್ಮವಾದ್ದರಿಂದ ಮೌತ್‌ವಾಶ್, ಸ್ಯಾನಿಟೈಸರ್ ಆವಿ ಕೂಡ ಕಾಣಿಸಿಕೊಳ್ಳಬಹುದು. ಇದೊಂದನ್ನೇ ನೆಚ್ಚಿ ಯಾರ ಮೇಲೂ ಕ್ರಮ ಬೇಡ ಎಂದು ಅಮೆರಿಕದ ಸರ್ಕಾರಿ ಸಂಸ್ಥೆ ಸ್ಯಾಮ್ಸಾ 2006ರಲ್ಲೇ ಎಚ್ಚರಿಸಿತ್ತು. 2012ರಲ್ಲಿ ಅದನ್ನು ಬಿಡಿಸಿ ಹೇಳಿತು: ಮಿಲಿಲೀಟರಿಗೆ 100ರಿಂದ 500 ನ್ಯಾನೋಗ್ರಾಂ ಬಂದರೆ ಇಂಥ ಹೊರಗಿನ ಸಂಪರ್ಕವೂ ಕಾರಣವಾಗಿರಬಹುದು. ಸಾವಿರ ದಾಟಿದ್ದರೆ ಸ್ಯಾನಿಟೈಸರ್ ವಾದ ನಿಲ್ಲೋದು ಕಷ್ಟ, ಮುಚ್ಚುಮರೆ ಯಾಕೆ.

ಈ ಉತ್ತರ ಓದಿದ ದಿನವೇ ಪೆತ್ ಎಂಬ ರಕ್ತಪರೀಕ್ಷೆ ಮಾಡಿಸಿ. ಹಿಂದಿನ ಎರಡು-ನಾಲ್ಕು ವಾರದ ಕುಡಿತವನ್ನು ಅದು ಹಿಡಿಯುತ್ತದೆ, ಕೈಗೆ ಹಚ್ಚಿದ್ದಕ್ಕೆ ಸಾಮಾನ್ಯವಾಗಿ ಪಾಸಿಟಿವ್ ಬರುವುದಿಲ್ಲ. ಎಂದೋ ಒಂದು ಪೆಗ್ ಹಾಕಿದ್ದರೆ ಅದಕ್ಕೆ ಸಿಗದೆಯೂ ಹೋಗಬಹುದು. ಆದರೂ ಅದು ನೆಗೆಟಿವ್ ಬಂದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ತಡಮಾಡಿದಷ್ಟೂ ಆ ತೂಕ ಇಳಿಯುತ್ತದೆ.

ಇನ್ನು ನ್ಯಾಯದ ಪ್ರಶ್ನೆ. ನರ್ಸನ್ನು ಮನೆಗೆ ಕಳಿಸುವ ಬದಲು ಚಿಕಿತ್ಸೆ ಕೊಡಿಸಿ ಕೆಲಸಕ್ಕೆ ಮರಳಿಸುವ ಈ ಪದ್ಧತಿ 1980ರ ದಶಕದಲ್ಲಿ ಫ್ಲೋರಿಡಾದಲ್ಲಿ ಶುರುವಾಯಿತು. ಒಳ್ಳೆಯ ಯೋಚನೆಯೇ. ರೋಗಿಯ ಜೀವ ಕೈಯಲ್ಲಿರುವವರಿಗೆ ಪರೀಕ್ಷೆ ಬೇಡ ಅಂತ ನಾನಂತೂ ಹೇಳಲಾರೆ. ಆದರೆ ನಿಮ್ಮ ಒಪ್ಪಂದ ತೆಗೆದು ನೋಡಿ: ‘ಆಲ್ಕೋಹಾಲ್ ಇರುವ ಯಾವ ವಸ್ತುವನ್ನೂ ಬಳಸಬಾರದು’ ಎಂಬರ್ಥದ ಸಾಲು ಬಹುಶಃ ಇರುತ್ತದೆ. ಆಸ್ಪತ್ರೆ ನೋಡಿದರೆ ಪ್ರತಿ ಹಾಸಿಗೆ ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಹಚ್ಚಲೇಬೇಕು ಅನ್ನುತ್ತದೆ. ಇಬ್ಬರ ಮಾತನ್ನೂ ಒಬ್ಬಳೇ ನರ್ಸ್ ಹೇಗೆ ಪಾಲಿಸೋದು? ಸೋಪು-ನೀರು ಬಳಸಲು ಅನುಮತಿ ಕೊಡಿ ಅಂತ ಮೇಲಧಿಕಾರಿಗೆ ಬರೆದು, ಪ್ರತಿಯನ್ನು ಕಾರ್ಯಕ್ರಮಕ್ಕೂ ಕಳಿಸಿ. ಸಂಬಳ ನಿಂತವರಿಂದಲೇ ಪರೀಕ್ಷೆಯ ದುಡ್ಡು ಕೀಳುವುದನ್ನಂತೂ ನಾನು ಒಪ್ಪಲ್ಲ. ಕಂತು ಅಥವಾ ರಿಯಾಯಿತಿ ಕೇಳಿ, ನಾಚಿಕೆ ಬೇಡ.

ನಿಯಮ ಬರೆದವರೂ ತಪ್ಪುತ್ತಾರೆ. ಅಫೀಮು ಜಾತಿಯ ಮದ್ದಿನ ಚಟ ಬಿಡಿಸಲು ವೈದ್ಯರೇ ಬರೆದುಕೊಟ್ಟ ಔಷಧಿ ತಗೊಳ್ಳುತ್ತಿದ್ದ ನರ್ಸ್‌ಗಳನ್ನು ಇಂಥದೇ ಕಾರ್ಯಕ್ರಮದಿಂದ ಹೊರಗಿಟ್ಟದ್ದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧ ಎಂದು ಇಂಡಿಯಾನಾದ ನರ್ಸಿಂಗ್ ಬೋರ್ಡಿಗೆ ಅಮೆರಿಕದ ನ್ಯಾಯ ಇಲಾಖೆ 2022ರ ಮಾರ್ಚಿನಲ್ಲಿ ಹೇಳಿತು. ನಿಮ್ಮದು ಬೇರೆ ಪ್ರಕರಣ, ಆದರೆ ಬೋರ್ಡು ಪ್ರಶ್ನಾತೀತವೇನಲ್ಲ.

ವಕೀಲರ ಫೀಸಿಗೆ ಹೆದರುವ ಮುನ್ನ ನಿಮ್ಮ ವೃತ್ತಿ ವಿಮೆಯ ಕಾಗದ ಹುಡುಕಿ. ಲೈಸೆನ್ಸ್ ವಿಚಾರಣೆಯ ಖರ್ಚು ಭರಿಸುವ ಪಾಲಿಸಿಗಳಿವೆ. ಲೈಸೆನ್ಸ್ ಕೇಸು ನಡೆಸಿ ಪಳಗಿದ ವಕೀಲರಿಗೆ ತೋರಿಸದೆ ಯಾವ ವಿವರಣೆಗೂ ಸಹಿ ಹಾಕಬೇಡಿ.