ಗನ್ ತಪ್ಪೋ, ಮೀಟರ್ ತಪ್ಪೋ?

ಪ್ರಶ್ನೆ: ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬರುವಾಗ ನನ್ನ ಕಾರಿನ ಮೀಟರ್ 100 ದಾಟಿರಲಿಲ್ಲ. ಚಲನ್‌ನಲ್ಲಿ ಮಾತ್ರ 113 ಅಂತ ಇದೆ. ಪೊಲೀಸರು ವೇಗ ಅಳೆಯುವ ಸ್ಪೀಡ್ ಗನ್ನನ್ನು ರಸ್ತೆ ಬದಿಯಿಂದ ಓರೆಯಾಗಿ ಹಿಡಿದರೆ ವೇಗ ಜಾಸ್ತಿ ತೋರಿಸುತ್ತೆ ಅಂತಾರೆ ನಮ್ಮ ಭಾವ. ನಿಜವಾ? ಅಂದ ಹಾಗೆ, ಹೋದ ವರ್ಷ ಕಾರಿಗೆ ಸ್ವಲ್ಪ ದೊಡ್ಡ ಟೈರ್ ಹಾಕಿಸಿದ್ದೇನೆ.
– ಓದುಗರೊಬ್ಬರು, ನಿಗಡಿ, ಪುಣೆ

ಉತ್ತರ: ನಿಮ್ಮ ಭಾವ ಹೇಳಿದ್ದು ಪೂರ್ತಿ ಉಲ್ಟಾ. ಓರೆಯಾಗಿ ಹಿಡಿದಷ್ಟೂ ಗನ್ ಕಮ್ಮಿ ತೋರಿಸುತ್ತೆ. 20 ಡಿಗ್ರಿ ಓರೆಯಾದರೆ 100ರ ವೇಗ 94 ಅಂತ ಬರುತ್ತೆ, ಲಾಭ ನಿಮಗೇ.

ತಳೇಗಾವ್ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಹಾರನ್ ಕೇಳಿದ್ದೀರಲ್ವಾ? ಬರುವಾಗ ಕೀರಲು, ನಮ್ಮನ್ನು ದಾಟಿದ ತಕ್ಷಣ ಸ್ವರ ಇಳಿದುಬಿಡುತ್ತೆ. ಗನ್ನಿನೊಳಗಿನ ರೇಡಾರ್ ಹಿಡಿಯುವುದೂ ಇದನ್ನೇ. ಅದು ರೇಡಿಯೊ ಅಲೆ ಬಿಡುತ್ತೆ, ಕಾರಿಗೆ ಬಡಿದು ವಾಪಸ್ ಬಂದ ಅಲೆಯ ಕಂಪನ ಎಷ್ಟು ಬದಲಾಗಿದೆ ಅಂತ ನೋಡುತ್ತೆ. 24 ಗಿಗಾಹರ್ಟ್ಸ್ ಗನ್ನಿನಲ್ಲಿ ಗಂಟೆಗೆ ಒಂದು ಕಿ.ಮೀ. ವೇಗಕ್ಕೆ ಸುಮಾರು 45 ಹರ್ಟ್ಸ್ ವ್ಯತ್ಯಾಸ. 100ಕ್ಕೆ ಸುಮಾರು 4,500, ಅಂದರೆ ಕಿವಿಗೇ ಕೇಳಿಸುವ ಸ್ವರ! ಕೆಲವು ಗನ್‌ಗಳಲ್ಲಿ ಅದನ್ನು ಕೇಳಿಸೋಕೆ ಸ್ಪೀಕರ್ ಕೂಡ ಇರುತ್ತೆ.

ನಾನು ಅನುಮಾನ ಪಡುವುದು ಬೇರೆ ಕಡೆ. ರೇಡಾರ್ ಕಿರಣ ಟಾರ್ಚ್ ಬೆಳಕಿನ ಹಾಗೆ ಹರಡುತ್ತೆ; 12 ಡಿಗ್ರಿ ಅಗಲದ ಕಿರಣ 100 ಮೀಟರ್ ದೂರದಲ್ಲಿ ಸುಮಾರು 21 ಮೀಟರ್ ಅಗಲ ಆಗಿರುತ್ತೆ, ಅಷ್ಟರೊಳಗೆ ನಿಮ್ಮ ಪಕ್ಕದಲ್ಲೇ ಒಂದು ವೋಲ್ವೋ ಬಸ್ ನುಗ್ಗಿ ಹೋಗುತ್ತಿದ್ದರೆ ಗನ್ ಅದರ ವೇಗ ಓದಿರಬಹುದು. ಲೇಸರ್ ಗನ್ ಆದರೆ ಈ ತಕರಾರು ಬಹಳ ಕಮ್ಮಿ, ಅದರ ಬೆಳಕು 300 ಮೀಟರ್‌ನಲ್ಲೂ ಹೆಚ್ಚುಕಮ್ಮಿ ಒಂದು ಮೀಟರ್ ಅಗಲ ಅಷ್ಟೆ.

ಇನ್ನು ಟೈರ್. ಕೊನೆಯಲ್ಲಿ ಸುಮ್ನೆ ಸೇರಿಸಿಬಿಟ್ಟಿದ್ದೀರಿ, ನನಗೆ ಅದೇ ಮುಖ್ಯ ಅನಿಸಿತು! ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಟೈರ್ ದೊಡ್ಡದಾದರೆ ಒಂದು ಸುತ್ತಿಗೆ ಕಾರು ಜಾಸ್ತಿ ದೂರ ಹೋಗುತ್ತೆ, ಆದರೆ ಮೀಟರಿಗೆ ಅದು ಗೊತ್ತಾಗಲ್ಲ. ಕಂಪನಿಯವರು ಸಾಮಾನ್ಯವಾಗಿ ಮೀಟರನ್ನು ಇರೋದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇಟ್ಟಿರುತ್ತಾರೆ, ನಿಮ್ಮ ಹೊಸ ಟೈರ್ ಆ ರಿಯಾಯಿತಿಯನ್ನೆಲ್ಲ ತಿಂದುಹಾಕಿರಬಹುದು.

ಘಾಟಿಯಲ್ಲಿ ಬೇಡ, ಸಮತಟ್ಟಾದ ನೇರ ರಸ್ತೆಯಲ್ಲಿ ಮೀಟರ್ 80ಕ್ಕೆ ನಿಲ್ಲಿಸಿ, ಫೋನಿನ ಜಿಪಿಎಸ್ ಎಷ್ಟು ತೋರಿಸುತ್ತೆ ಅಂತ ಭಾವನ ಕೈಲೇ ಓದಿಸಿ. 80ರ ಆಸುಪಾಸು ಅಥವಾ ಅದಕ್ಕಿಂತ ಕಮ್ಮಿ ಬಂದರೆ ಚಲನ್‌ನ ಫೋಟೊದಲ್ಲಿ ಪಕ್ಕದ ಗಾಡಿ ಇದೆಯಾ ನೋಡಿ, ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಮಹಾಟ್ರಾಫಿಕ್ ಆ್ಯಪ್‌ನಲ್ಲಿ ದೂರು ಹಾಕಿ. 90 ಬಂದರೆ ಸುಮ್ನೆ ದಂಡ ಕಟ್ಟಿ, ಟೈರ್ ಬದಲಾಯಿಸಿ.